ಎಡಗಡೆಯ ಬೈತಲೆ

ಮಾರ್ಚ್ 3, ಸೋಮವಾರ

ಡಾಕ್ಟರು ದಿನಚರಿ ಬರೆಯಿರಿ ಎಂದಿದ್ದಾರೆ. ಬಟ್ಟೆಯ ಚೀಟಿ ಬಿಟ್ಟು ಬೇರೇನೂ ಬರೆಯದವಳಿಗೆ ನಲವತ್ತಾರನೇ ವಯಸ್ಸಿನಲ್ಲಿ ಹೋಮ್‌ವರ್ಕು! ದಿನಕ್ಕೆ ಎಷ್ಟು ಕೂದಲು ಉದುರಿತು, ಏನು ತಿಂದೆ, ನಿದ್ದೆ ಬಂತೇ, ಮನಸ್ಸಿಗೆ ಏನಾದರೂ ನಾಟಿತೇ, ಎಲ್ಲ ಬರೆಯಬೇಕಂತೆ. ಬರೆದದ್ದನ್ನು ಅವರಿಗೆ ತೋರಿಸುವುದು ಬೇಡವಂತೆ. ಹಾಗಾದರೆ ಸರಿ, ಬಾಯಿಗೆ ಬಂದದ್ದು ಬರೆಯಬಹುದು.

ವಿಷಯ ಇಷ್ಟು. ನನ್ನ ಬಲಗಿವಿಯ ಮೇಲೆ ಕೂದಲು ತೆಳುವಾಗುತ್ತಿದೆ. ಬಲಗಡೆ ಮಾತ್ರ. ಎಡಗಡೆ ಕಾಡು, ಬಲಗಡೆ ಬಯಲು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಆದರೆ ಮಾತು ಅಜ್ಜಿಯದು. "ಹೆಂಗಸರ ಕೂದಲು ಸುಮ್‌ಸುಮ್ನೆ ಉದುರಲ್ಲಮ್ಮ. ರಕ್ತದಲ್ಲಿ ಕಬ್ಬಿಣ ಕಮ್ಮಿಯಾದ್ರೆ ಉದುರುತ್ತೆ, ಥೈರಾಯ್ಡ್ ಏರುಪೇರಾದ್ರೆ ಉದುರುತ್ತೆ. ಹೆರಿಗೆ ಆದ್ಮೇಲೆ, ಮುಟ್ಟು ನಿಲ್ಲೋ ಹೊತ್ತಲ್ಲಿ, ದೊಡ್ಡ ಜ್ವರ ಬಂದು ಹೋದ್ಮೇಲೆ. ಅದೂ ಜ್ವರ ಬಂದಾಗಲೇ ಅಲ್ಲ, ಎರಡು ಮೂರು ತಿಂಗಳು ಬಿಟ್ಟು. ನಾವು ಮರೆತಿರ್ತೀವಿ, ತಲೆ ಮರೆತಿರಲ್ಲ. ಮೂರು ತಿಂಗಳ ಹಿಂದೆ ಏನಾದ್ರೂ ಆಗಿತ್ತಾ?"

"ಏನೂ ಆಗಿಲ್ಲ ಡಾಕ್ಟ್ರೇ."

"ಆದ್ರೆ ಅದ್ಯಾವುದೂ ಹೀಗೆ ಒಂದೇ ಕಡೆ ಬೋಳು ಮಾಡಲ್ಲ," ಎಂದು ಅವರು ನನ್ನ ಜಡೆಯನ್ನೇ ನೋಡಿದರು. "ತಲೆ ಯಾರು ಬಾಚ್ತಾರೆ?"

"ಇನ್ಯಾರು? ನಾನೇ."

ಸುಳ್ಳು. ಅರ್ಧ ತಲೆ ನರೆತ ಹೆಂಗಸು ದಿನಾ ಬೆಳಿಗ್ಗೆ ಅಮ್ಮನ ಮುಂದೆ ಚಕ್ಕಳಮಕ್ಕಳ ಕೂತು ಜಡೆ ಹಾಕಿಸಿಕೊಳ್ಳುತ್ತಾಳೆ ಎಂದು ಹೇಳಲು ನಾಚಿಕೆಯಾಯಿತು. ಕಾರಣ ಬೇಗ ಸಿಗದಿದ್ದರೆ ಅಲ್ಲಿನ ಕೂದಲಿನ ಬೇರೇ ಸತ್ತುಹೋಗುತ್ತದಂತೆ, ಮತ್ತೆ ಹುಟ್ಟುವುದಿಲ್ಲವಂತೆ. ರಕ್ತ ತೆಗೆದುಕೊಂಡಿದ್ದಾರೆ.

ಮಾರ್ಚ್ 6, ಗುರುವಾರ

ಉದುರಿದ್ದು: ದಿಂಬಿನ ಮೇಲೆ ಹದಿನಾಲ್ಕು, ಬಾಚಣಿಗೆಯಲ್ಲಿ ಐವತ್ತೆರಡು.

ಕೆಲಸದ ಬಗ್ಗೆಯೂ ಬರೆಯಬೇಕಂತೆ. ನಮ್ಮದು ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ನಾನು ತಪಾಸಣೆಯ ಮೇಜಿನವಳು. ಇಸ್ತ್ರಿಯಾಗಿ ಬಂದ ಬೆಡ್‌ಶೀಟು, ದಿಂಬಿನ ಚೀಲಗಳನ್ನು ಬಿಳಿ ದೀಪದ ಕೆಳಗೆ ಹರಡಿ ಕಲೆ, ತೂತು, ಕೂದಲು ಹುಡುಕುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಊರವರ ಕೂದಲು ಹೆಕ್ಕಿದವಳ ಕೂದಲೇ ಹೋದ ತಿಂಗಳು ಒಂದು ದಿಂಬಿನ ಮೇಲೆ ಸಿಕ್ಕಿ ಹೋಟೆಲಿನಿಂದ ದೂರು ಬಂತು. ಮೇಸ್ತ್ರಿ ಕರೆದು, "ಕಂಬಳೀಲಿ ಬುತ್ತಿ ಕಟ್ಕೊಂಡು ಕೂದಲು ಹುಡುಕಿದ ಹಾಗಾಯ್ತಲ್ಲ ನಿಮ್ಮ ತಪಾಸಣೆ" ಎಂದರು. ಈಗ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡಿದ್ದೇನೆ. ಇನ್ನೊಂದು ಸಲ ದೂರು ಬಂದರೆ ಒಗೆಯುವ ಕಡೆಗೆ ಕಳಿಸುತ್ತಾರೆ, ಆ ಒದ್ದೆಯಲ್ಲಿ ನಿಲ್ಲಲು ನನ್ನ ಕಾಲಿಗಾಗದು.

ಪ್ರತಿ ಹೋಟೆಲಿನ ಶೀಟಿಗೂ ಮೂಲೆಯಲ್ಲಿ ಬಣ್ಣದ ದಾರದ ಗುರುತು ಇರುತ್ತದೆ. ದಾರ ಬಿಚ್ಚಿಹೋದರೆ ಅದು ಯಾರದೆಂದು ಬ್ರಹ್ಮನಿಗೂ ತಿಳಿಯದು, ಎಲ್ಲ ಒಂದೇ ಬಿಳಿ. ಹೊಸದಾಗಿ ಸೇರಿದವಳು ಇವತ್ತು ಅಂಥದ್ದೊಂದನ್ನು ಹಿಡಿದು ಪೆಚ್ಚಾಗಿ ನಿಂತಿದ್ದಳು.

"ಯಾವ ಕಟ್ಟಲ್ಲಿ ಒಂದು ಕಮ್ಮಿ ಇದೆಯೋ ಅದಕ್ಕೆ ಸೇರಿಸು. ಆ ಬಣ್ಣದ ದಾರ ಹೊಲಿದುಬಿಡು," ಎಂದೆ.

"ತಪ್ಪಲ್ವಾ ಅಕ್ಕಾ?"

"ಹಾಸಿಗೆಗೆ ಶೀಟು ಸಿಕ್ತಲ್ಲ, ತಪ್ಪೇನು ಬಂತು? ನಾಲ್ಕು ಸಲ ಒಗೆದ್ರೆ ಅದೂ ಅವರದೇ ಆಗಿಬಿಡುತ್ತೆ."

ಮಾರ್ಚ್ 14, ಶುಕ್ರವಾರ

ರಕ್ತದ ವರದಿ ಬಂತು. ಕಬ್ಬಿಣ ಸರಿ, ಥೈರಾಯ್ಡ್ ಸರಿ, ಎಲ್ಲ ಸರಿ. ಕೂದಲು ಮಾತ್ರ ಸರಿಯಿಲ್ಲ.

ಅಮ್ಮ ಇವತ್ತು ಬಾಚುತ್ತಾ ನನ್ನನ್ನು "ದೊಡ್ಡಮ್ಮೀ" ಎಂದಳು. ಒಂದು ವರ್ಷದಿಂದ ಅವಳಿಗೆ ಮರೆವು. ಒಲೆ ಹೊತ್ತಿಸಿದ್ದು ಮರೆಯುತ್ತಾಳೆ, ಅಪ್ಪ ಹೋಗಿ ಹನ್ನೊಂದು ವರ್ಷವಾದದ್ದು ಮರೆಯುತ್ತಾಳೆ. ಆದರೆ ಈ ಹೆಸರನ್ನು ಅವಳ ಬಾಯಲ್ಲಿ ಹೀಗೆ ಯಾರನ್ನಾದರೂ ಕರೆಯುವ ದನಿಯಲ್ಲಿ ನಾನು ಕೇಳಿರಲಿಲ್ಲ.

ನಾವು ಅವಳಿ. ಹತ್ತು ನಿಮಿಷ ಮೊದಲು ಬಂದವಳು ದೊಡ್ಡಮ್ಮಿ, ಆಮೇಲೆ ಬಂದ ನಾನು ಸಣ್ಣಮ್ಮಿ. ಒಂದೇ ಅಚ್ಚು. ಅಪ್ಪನಿಗೂ ಗುರುತು ಸಿಗುತ್ತಿರಲಿಲ್ಲವೆಂದು ಅವಳಿಗೆ ಕೆಂಪು ರಿಬ್ಬನ್, ನನಗೆ ನೀಲಿ. ನಾಲ್ಕು ವರ್ಷ ತುಂಬುವ ಮೊದಲೇ ಅವಳು ಹಿತ್ತಿಲ ನೀರಿನ ತೊಟ್ಟಿಗೆ ಬಿದ್ದು ಹೋದಳು. ಆಮೇಲೆ ಅಪ್ಪ ಆ ತೊಟ್ಟಿಗೆ ಮಣ್ಣು ತುಂಬಿಸಿದರು. ನನಗೆ ಅವಳ ಮುಖ ನೆನಪಿಲ್ಲ. ನೆನಪು ಮಾಡಿಕೊಳ್ಳುವುದೇನು, ಕನ್ನಡಿ ಇದೆಯಲ್ಲ.

"ದೊಡ್ಡಮ್ಮಿ ಇಲ್ಲಮ್ಮ. ನಾನು ಸಣ್ಣಮ್ಮಿ," ಎಂದೆ.

"ಹೌದೌದು," ಎಂದು ಅಮ್ಮ ಜಗ್ಗಿ ಎಳೆದಳು. "ಹಾಗೇ ಹೇಳು. ಯಾರು ಕೇಳಿದ್ರೂ ಹಾಗೇ ಹೇಳು."

ಮಾರ್ಚ್ 29, ಶನಿವಾರ

ಬಾಚಣಿಗೆಯಲ್ಲಿ ತೊಂಬತ್ತು. ಆಮೇಲೆ ಎಣಿಸುವುದನ್ನು ಬಿಟ್ಟೆ.

ಅಮ್ಮ ಈಗ ದಿನಕ್ಕೆ ಮೂರು ನಾಲ್ಕು ಸಲ ಬಾಚುತ್ತಾಳೆ. ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮಣೆ ಹಾಕಿಕೊಂಡು ಕಾಯುತ್ತಿರುತ್ತಾಳೆ. ಅವಳದು ಮೊದಲಿನಿಂದ ಒಂದೇ ರೀತಿ. ಎಡಗಿವಿಯ ಹತ್ತಿರ ಬೈತಲೆ, ಕೂದಲನ್ನೆಲ್ಲ ಬಲಕ್ಕೆ ತಂದು, ಬಲಗಿವಿಯ ಮೇಲೆ ಕಣ್ಣು ಮೇಲೇಳುವ ಹಾಗೆ ಬಿಗಿದು ಒಂದೇ ಜಡೆ. ಶಾಲೆಯಲ್ಲಿ ನನ್ನನ್ನು "ಓರೆ ಜಡೆ" ಎಂದೇ ಕರೆಯುತ್ತಿದ್ದರು. ನಡುಬೈತಲೆ ತೆಗಿಯಮ್ಮಾ ಎಂದು ಅತ್ತರೆ, "ನಿನ್ನ ಮುಖಕ್ಕೆ ಒಪ್ಪಲ್ಲ" ಎನ್ನುತ್ತಿದ್ದಳು. ನನ್ನ ತಲೆಯನ್ನು ಅವಳು ಯಾರ ಕೈಗೂ ಕೊಟ್ಟವಳಲ್ಲ. ನನಗೆ ಜ್ವರ ಬಂದಾಗ ಅಜ್ಜಿ ಬಾಚಲು ಬಂದರೆ ಬಾಚಣಿಗೆ ಕಿತ್ತುಕೊಂಡಿದ್ದಳಂತೆ. ನಾನೇ ಕಿವಿಯ ಮೇಲೆ ಕೆರೆದುಕೊಂಡರೂ ಕೈಗೆ ಪಟ್ ಅಂತ ಒಂದು: "ಅಲ್ಲಿ ಕೈ ಹಾಕ್ಬೇಡ."

ಹಿಂದೆ ಅವಳ ಕೈಗೆ ಹದ ಗೊತ್ತಿತ್ತು. ಈಗ ಎಲ್ಲಿ ನಿಲ್ಲಿಸಬೇಕೆಂದು ಮರೆತಿದ್ದಾಳೆ, ಎಳೆಯುತ್ತಲೇ ಇರುತ್ತಾಳೆ. ಕಣ್ಣಲ್ಲಿ ನೀರು ಬರುತ್ತದೆ. ಆದರೂ ಸುಮ್ಮನೆ ಕೂರುತ್ತೇನೆ. ಇಡೀ ದಿನದಲ್ಲಿ ಅವಳು ಶಾಂತವಾಗಿರುವುದು ಆಗ ಮಾತ್ರ.

ಉದುರಿದ ಕೂದಲನ್ನು ಎಸೆಯಲು ಬಿಡುವುದಿಲ್ಲ. ಸುತ್ತಿ ಸುತ್ತಿ ಒಂದು ಡಬ್ಬಿಯಲ್ಲಿ ಹಾಕಿಡುತ್ತಾಳೆ. "ಯಾಕಮ್ಮಾ?" ಎಂದರೆ, "ನಿಂಗಿಷ್ಟೊಂದು ಇದೆ. ಅವಳಿಗೆ ಒಂದು ಎಳೆನೂ ಇಲ್ಲ" ಎಂದಳು.

ಏಪ್ರಿಲ್ 9, ಬುಧವಾರ

ಇಸ್ತ್ರಿ ಅಕ್ಕ, ಅಂದರೆ ನನ್ನ ಪಕ್ಕದಲ್ಲಿ ಇಸ್ತ್ರಿ ಯಂತ್ರ ನೋಡಿಕೊಳ್ಳುವವಳು, ಇವತ್ತು ಕಾಲೆಳೆದಳು. "ಏನೇ, ಎಡಗೈಯಲ್ಲಿ ಕೂದಲು ಹೆಕ್ಕೋದು ಯಾವಾಗ ಕಲಿತೆ? ಕೋಳಿ ಕಾಳು ಹೆಕ್ಕಿದ ಹಾಗೆ ಹೆಕ್ತೀಯ!" ನಾನು ನೋಡಿಕೊಂಡಿರಲಿಲ್ಲ. ಬಲ ಭುಜ ನೋಯುತ್ತಿರಬೇಕು, ಕೈ ತಾನೇ ದಾರಿ ಕಂಡುಕೊಂಡಿದೆ.

ಅಮ್ಮ ಈಚೆಗೆ ಹಳೆಯ ಕಥೆಗಳನ್ನೇ ಹೇಳುತ್ತಾಳೆ. ದೊಡ್ಡಮ್ಮಿ ಎಡಚಿ. ದೊಡ್ಡಮ್ಮಿಗೆ ಹಾಲಿನ ಕೆನೆ ಕಂಡರೆ ಆಗದು. ದೊಡ್ಡಮ್ಮಿ ಮೂರು ವರ್ಷದವಳಿದ್ದಾಗ ಮೆಟ್ಟಿಲ ಮೇಲೆ ಬಿದ್ದು ತಲೆಗೆ ಮೂರು ಹೊಲಿಗೆ ಹಾಕಿಸಿಕೊಂಡಳು, ಹೂಂ ಅನ್ನಲಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಸಣ್ಣಮ್ಮಿ ಊರಿಗೆಲ್ಲ ಕೇಳುವ ಹಾಗೆ ಅತ್ತಳು. ಈ ಕಥೆ ನನಗೆ ಬಾಯಿಪಾಠ, ಅಪ್ಪ ನೂರು ಸಲ ಹೇಳಿ ನಗುತ್ತಿದ್ದರು.

ನಾನು ಅತ್ತದ್ದು ನನಗೆ ನೆನಪಿಲ್ಲ. ದಾರ ಎಳೆಯುವ ಸದ್ದು ಮಾತ್ರ ಚೆನ್ನಾಗಿ ನೆನಪಿದೆ. ಕಿವಿಗೆ ಬಹಳ ಹತ್ತಿರ, ಗೋಣಿಚೀಲ ಹೊಲಿದ ಹಾಗೆ. ಪಕ್ಕದಲ್ಲೇ ನಿಂತಿದ್ದೆನಲ್ಲ, ಅದಕ್ಕೇ ಇರಬೇಕು.

ಈ ಪೆನ್ನು ಸರಿಯಿಲ್ಲ. ಬರೆದದ್ದೆಲ್ಲ ಅಂಗೈಯ ಅಂಚಿಗೆ ಮೆತ್ತಿಕೊಳ್ಳುತ್ತಿದೆ.

ಏಪ್ರಿಲ್ 18, ಶುಕ್ರವಾರ

ಅಮ್ಮ ಇವತ್ತು ಜಡೆಯ ತುದಿಗೆ ಕೆಂಪು ರಿಬ್ಬನ್ ಕಟ್ಟಿದಳು. ಎಲ್ಲಿಂದ ತೆಗೆದಳೋ! ಕೆಲಸಕ್ಕೆ ಹೊತ್ತಾಗಿತ್ತು, ಹಾಗೇ ಹೋದೆ. ಯಾರೂ ನಗಲಿಲ್ಲ.

ಏಪ್ರಿಲ್ 26, ಶನಿವಾರ

ಸಂಜೆ ಬಂದಾಗ ನನ್ನ ದಿಂಬಿನ ಪಕ್ಕದಲ್ಲಿ ಇನ್ನೊಂದು ದಿಂಬು. ಅದರ ಮೇಲೆ ಒಂದು ಪುಟ್ಟ ಜಡೆ.

ಗೇಣುದ್ದ, ಕಿರುಬೆರಳಿನಷ್ಟು ದಪ್ಪ. ನಾಲ್ಕು ವರ್ಷದ ಮಗುವಿನ ತಲೆಯಿಂದ ಈಗ ತಾನೇ ಬಿಚ್ಚಿಟ್ಟ ಹಾಗೆ, ತುದಿಯಲ್ಲಿ ನೀಲಿ ರಿಬ್ಬನ್. ಎಣ್ಣೆ ಹಚ್ಚಿ ನುಣ್ಣಗೆ ಮಾಡಿದ್ದಳು. ನನ್ನ ಕೂದಲೇ, ಡಬ್ಬಿಯಲ್ಲಿ ಕೂಡಿಟ್ಟದ್ದು. ನರೆತ ಎಳೆಗಳನ್ನೆಲ್ಲ ಒಂದೊಂದಾಗಿ ಆರಿಸಿ ತೆಗೆದು ಬರೀ ಕಪ್ಪನ್ನೇ ಹೆಣೆದಿದ್ದಾಳೆ. ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದವಳು!

ಮುಟ್ಟಿದೆ. ಬೆಚ್ಚಗಿತ್ತು. ಕಿಟಕಿಯ ಬಿಸಿಲು ಅಲ್ಲೇ ಬೀಳುತ್ತದೆ, ಅದಕ್ಕೇ.

"ಏಳಿಸ್ಬೇಡ," ಎಂದಳು ಅಮ್ಮ ಬಾಗಿಲಲ್ಲಿ ನಿಂತು. "ಈಗಷ್ಟೇ ಮಲಗಿದಾಳೆ."

ಭಯವಾಯಿತು. ಬರೆಯಲು ಏನು ನಾಚಿಕೆ, ಹೆತ್ತ ತಾಯಿಯನ್ನು ನೋಡಿ ಭಯವಾಯಿತು. ಜಡೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಆಮೇಲೆ ಗಾಳಿಯಾಡದೆಂದು ಬಾಗಿಲನ್ನು ಒಂದು ಚೂರು ತೆರೆದಿಟ್ಟೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು.

ಮೇ 4, ಭಾನುವಾರ

ಬಾಚಲು ಬಿಡುವುದಿಲ್ಲ ಎಂದು ಗುರುವಾರ ಗಟ್ಟಿಯಾಗಿ ಹೇಳಿಬಿಟ್ಟೆ. ಬಾಚಣಿಗೆಗಳನ್ನೆಲ್ಲ ಮುಚ್ಚಿಟ್ಟೆ. ಮೇಸ್ತ್ರಿಗೆ ಇನ್ನೊಂದು ದೂರು ಬಂದಿದೆ, ಕೈಮುಗಿದದ್ದಕ್ಕೆ ಈ ಸಲ ಬಿಟ್ಟಿದ್ದಾರೆ, ಇದೇ ಕೊನೆ ಎಂದಿದ್ದಾರೆ. ಕಿವಿಯ ಮೇಲೆ ನಾಲ್ಕು ಬೆರಳಗಲ ಚರ್ಮ ಕಾಣುತ್ತಿದೆ. ಇನ್ನೇನು ಮಾಡಲಿ?

ಅಮ್ಮ ಮೂರು ದಿನದಿಂದ ಸರಿಯಾಗಿ ತುತ್ತು ನುಂಗಿಲ್ಲ. ಮನೆಯೆಲ್ಲ ಸುತ್ತುತ್ತಾಳೆ, ಎರಡೂ ಕೈಗಳಿಂದ ಗಾಳಿಯಲ್ಲಿ ಜಡೆ ಹೆಣೆಯುತ್ತಾಳೆ. ನಾನು ಹತ್ತಿರ ಹೋದರೆ ನನ್ನ ಬಲಗಿವಿಯನ್ನು ಅಂಗೈಯಿಂದ ಮುಚ್ಚುತ್ತಾಳೆ. "ಕಾಣುತ್ತೆ ಕಣೇ, ಕಾಣುತ್ತೆ. ಅವರು ಬರೋ ಹೊತ್ತಾಯ್ತು."

"ಯಾರಮ್ಮ ಬರೋದು?"

"ನಿಮ್ಮಪ್ಪ."

ಇವತ್ತು ಮಧ್ಯಾಹ್ನ ತಡೆಯಲಾಗದೆ ಬಾಚಣಿಗೆ ತಂದು ಕೈಗೆ ಕೊಟ್ಟು ಮಣೆಯ ಮೇಲೆ ಕೂತೆ. ಬಾಚಿದಳು. ಆಮೇಲೆ ಊಟ ಮಾಡಿದಳು. ಕೂದಲಿದ್ದರೆ ಅಮ್ಮನಿಲ್ಲ, ಅಮ್ಮನಿದ್ದರೆ ಕೂದಲಿಲ್ಲ. ಹೋಗಲಿ, ಅಮ್ಮನೇ ಇರಲಿ.

ಮೇ 10, ಶನಿವಾರ

ಡಾಕ್ಟರಿಗೆ ನಿಜ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ.

"ನಂಗೆ ಮೊದಲ ದಿನವೇ ಅನುಮಾನ ಇತ್ತಮ್ಮ. ಎಳೆದು ಎಳೆದು ಕೂದಲಿನ ಬೇರು ಸೋತಿದೆ. ನಲವತ್ತು ವರ್ಷ ಒಂದೇ ಜಾಗದಲ್ಲಿ ಬಿಗಿದ್ರೆ ಹಗ್ಗ ಕಟ್ಟಿದ ಕಂಬವೂ ಸವೆಯುತ್ತೆ. ಕಾರಣ ಇಷ್ಟೇ. ಇನ್ಮೇಲೆ ಸಡಿಲ ಬಿಡಿ, ಅಂಚಿನಲ್ಲಿ ಒಂದಷ್ಟು ಬರಬಹುದು." ಆಮೇಲೆ ದೀಪ ಹತ್ತಿರ ತಂದು ಬೆರಳಿಟ್ಟರು. "ಇಲ್ಲಿ ಮಾತ್ರ ಬರಲ್ಲ. ಇದು ಹಳೇ ಗಾಯ. ಹೊಲಿಗೆ ಹಾಕಿದ್ದು."

"ಯಾವ ಹೊಲಿಗೆ?"

"ಒಂದು, ಎರಡು, ಮೂರು. ಚಿಕ್ಕ ಮಗು ಇದ್ದಾಗ ಹಾಕಿರೋದು, ತಲೆ ಬೆಳೆದ ಹಾಗೆ ಗುರುತೂ ಹಿಗ್ಗಿದೆ. ಎಲ್ಲಾದ್ರೂ ಬಿದ್ದಿದ್ರಾ?"

"ನಾನಲ್ಲ, ಅಕ್ಕ ಬಿದ್ದಿದ್ದು," ಎಂದೆ.

ಡಾಕ್ಟರು ಎರಡು ಕನ್ನಡಿ ಹಿಡಿದು ತೋರಿಸಿದರು. ಮೂರು ಬಿಳಿ ಗೆರೆ, ಶೀಟಿನ ಮೂಲೆಯ ಗುರುತಿನ ಹಾಗೆ.

ಮೇ 11, ಭಾನುವಾರ

ಬರೆಯುತ್ತೇನೆ. ಬರೆಯದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಬೆಳಿಗ್ಗೆ ಕೂದಲು ಬಿಚ್ಚಿ ಅಮ್ಮನ ಮುಂದೆ ಕೂತೆ. ಅವಳ ಬೆರಳನ್ನು ಹಿಡಿದು ಆ ಜಾಗಕ್ಕೆ ಒತ್ತಿದೆ. "ಇದೇನಮ್ಮ?"

ಬೆರಳು ಮೂರು ಗೆರೆಗಳ ಮೇಲೆ ಹೋಗಿ ಬಂತು. ಎಷ್ಟೋ ದಿನದ ಮೇಲೆ ಅವಳ ದನಿ ಮೊದಲಿನ ಹಾಗೆ ಗಟ್ಟಿಯಾಗಿತ್ತು.

"ಮಾರನೇ ದಿನ ಬಾಚೋಕೆ ಕೂತಾಗ ಬೆರಳಿಗೆ ಸಿಕ್ತು. ಅಷ್ಟೊತ್ತಿಗೆ ಎಲ್ಲ ಮುಗಿದುಹೋಗಿತ್ತು."

"ಏನು ಮುಗಿದಿತ್ತು?"

"ಇಬ್ರಿಗೂ ತಲೆಗೆ ನೀರು ಹಾಕಿ, ಒಣಗಲಿ ಅಂತ ಬಿಸಿಲಿಗೆ ಕೂರಿಸಿದ್ದೆ. ರಿಬ್ಬನ್ ಕಟ್ಟಿರ್ಲಿಲ್ಲ. ತೊಟ್ಟಿಯಿಂದ ಎತ್ತಿದಾಗ ದೊಡ್ಡಮ್ಮೀ ಅಂತ ಕೂಗಿಬಿಟ್ಟೆ. ಯಾಕೋ ಬಾಯಿಗೆ ಅದೇ ಬಂತು. ನಿಮ್ಮಪ್ಪ ಓಡಿ ಬಂದು ನಿನ್ನ ಎತ್ತಿ ಎದೆಗೆ ಅವುಚ್ಕೊಂಡು, ಸದ್ಯ ನನ್ನ ಸಣ್ಣಮ್ಮಿ ಉಳಿದ್ಲಲ್ಲ, ಸದ್ಯ ಸಣ್ಣಮ್ಮಿ ಉಳಿದ್ಲಲ್ಲ ಅಂತ ಅಳ್ತಾರೆ. ಅವರಿಗೆ ಅವಳಂದ್ರೆ ಪ್ರಾಣ. ಮಾರನೇ ದಿನ ಹೋಗಿ ಏನಂತ ಹೇಳ್ಲಿ? ಇನ್ನೊಂದು ಸಲ ಸಾಯಿಸ್ಲಾ ಅವಳನ್ನ?"

"ಮತ್ತೆ ನಾನು? ನಾನೇನೂ ಹೇಳ್ಲಿಲ್ವಾ?"

"ಹೇಳ್ದೆ ಇರ್ತೀಯಾ? ನಾನು ದೊಡ್ಡಮ್ಮಿ, ನಾನು ದೊಡ್ಡಮ್ಮಿ ಅಂತ ಒಂದೇ ಸಮನೆ ಅಳ್ತಿದ್ದೆ. ಅಕ್ಕನ ನೆನಪಲ್ಲಿ ಹಾಗೆ ಆಡ್ತಾಳೆ ಅಂತ ಎಲ್ಲರಿಗೂ ಹೇಳ್ದೆ. ಮೂರು ತಿಂಗಳು. ಆಮೇಲೆ ನೀನೇ ಸುಮ್ಮನಾದೆ." ಅಮ್ಮ ನನ್ನ ತಲೆ ಸವರಿದಳು. "ಒಳ್ಳೇ ಹುಡುಗಿ."

ನನಗೆ ಬಂದ ಸಿಟ್ಟಿಗೆ ಬಾಚಣಿಗೆಯನ್ನು ಗೋಡೆಗೆ ಎಸೆದೆ. ಎರಡು ಹಲ್ಲು ಮುರಿಯಿತು. ಅಮ್ಮ ಅದನ್ನು ಎತ್ತಿಕೊಂಡು, ಏನೂ ಆಗದವಳ ಹಾಗೆ, ಎಡಗಡೆ ಬೈತಲೆ ತೆಗೆಯಲು ಬಂದಳು.

ಮೇ 12, ಸೋಮವಾರ

ಅಪ್ಪ ಸಾಯುವ ದಿನವೂ ನನ್ನ ಕೈ ಹಿಡಿದು ಸಣ್ಣಮ್ಮಿ, ಸಣ್ಣಮ್ಮಿ ಎನ್ನುತ್ತಿದ್ದರು. ನಾನು ಹೂಂ ಅಪ್ಪ ಎಂದೆ.

ಮೇ 18, ಭಾನುವಾರ

ಶುಕ್ರವಾರ ಕೂದಲು ಕತ್ತರಿಸಿಕೊಂಡೆ, ಕಿವಿಯ ಮೇಲಕ್ಕೆ. ಅಂಗಡಿಯ ಹೆಂಗಸು "ಈ ಗುರುತು ಕಾಣುತ್ತಲ್ಲಾ ಮೇಡಂ" ಎಂದಳು. ಕಾಣಲಿ ಎಂದೆ. ಕುತ್ತಿಗೆಗೆ ಗಾಳಿ ತಾಗಿ ಮೈ ಜುಮ್ಮೆಂದಿತು. ಇಸ್ತ್ರಿ ಅಕ್ಕ ನೋಡಿ ಬಾಯಿ ಮೇಲೆ ಕೈ ಇಟ್ಟಳು, ಆಮೇಲೆ ಚೆನ್ನಾಗಿದೆ ಎಂದಳು. ಮೇಸ್ತ್ರಿ ತಲೆ ನೋಡಿ ತಪಾಸಣೆಗೆ ಹೊಸ ಕಟ್ಟು ಕಳಿಸಿದರು, ಮೇಜು ಉಳಿಯಿತು.

ನಿನ್ನೆ ಹೊಸಬಳು ಮತ್ತೆ ದಾರ ಬಿಚ್ಚಿದ ಶೀಟು ತಂದಳು, ಜೊತೆಗೆ ಹೊಲಿಯಲು ನೀಲಿ ದಾರವನ್ನೂ. ಬೇಡ ಎಂದೆ. "ಹಾಗೇ ಇಡು. ಯಾರಾದ್ರೂ ಕೇಳ್ಕೊಂಡು ಬರಬಹುದು." ಮಡಿಸಿ ನನ್ನ ಮೇಜಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಅಮ್ಮ ನನ್ನ ಬೋಳು ಕಿವಿ ನೋಡಿ ಎದೆ ಬಡಿದುಕೊಳ್ಳುತ್ತಾಳೆಂದು ಎರಡು ದಿನ ತಲೆಗೆ ಬಟ್ಟೆ ಸುತ್ತಿಕೊಂಡಿದ್ದೆ. ಇವತ್ತು ಮಧ್ಯಾಹ್ನ ತೆಗೆದೆ. ಅವಳು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು, ಮಡಿಲಲ್ಲಿ ಆ ಪುಟ್ಟ ಜಡೆ. ತಲೆಯೆತ್ತಿ ನನ್ನನ್ನು ನೋಡಿದಳು. ಮುಖದಲ್ಲಿ ಗಾಬರಿ ಇರಲಿಲ್ಲ. ಬಹಳ ದಿನದಿಂದ ಕಾಣದವರನ್ನು ಕಂಡ ಹಾಗೆ ನಕ್ಕಳು.

"ಬಂದ್ಯಾ ದೊಡ್ಡಮ್ಮೀ?"

"ಬಂದೆ ಅಮ್ಮ," ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ!

ಅವಳು ನನ್ನ ಬೆನ್ನ ಹಿಂದೆ ಬಾಗಿಲ ಕಡೆ ನೋಡಿದಳು. ನಗು ನಿಂತಿತು. "ತಂಗಿ ಎಲ್ಲೇ? ನೋಡ್ಕೋ ಅಂತ ಹೇಳಿ ಒಳಗೆ ಹೋಗಿದ್ನಲ್ಲ."

ನಲವತ್ತೆರಡು ವರ್ಷ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಸಣ್ಣಮ್ಮಿಯನ್ನು ಯಾರು ಕೇಳುತ್ತಾರೆ? ಅವಳು ಉಳಿದವಳಲ್ಲವೇ. ಕೇಳಿದ ಕೂಡಲೇ ನನಗೆ ಗೊತ್ತೆಂದು ನನಗೇ ತಿಳಿಯಿತು. ನಾನು ತೊಟ್ಟಿಯ ಕಟ್ಟೆಯ ಮೇಲೆ ಹೊಟ್ಟೆ ಒತ್ತಿ ಬಗ್ಗಿದ್ದೆ. ಕೆಳಗೆ ನೀರಿನ ತುಂಬ ಕೂದಲು ಹರಡಿತ್ತು, ಈಗ ತಾನೇ ಬಾಚಿದ ಹಾಗೆ, ಮೆಲ್ಲಗೆ ಅಲ್ಲಾಡುತ್ತಿತ್ತು. ಚೆಂದ ಕಂಡಿತ್ತು ನನಗೆ. ಅದಕ್ಕೇ ಕೂಗಲಿಲ್ಲ.

ಅಮ್ಮ ಕಾಯುತ್ತಿದ್ದಳು.

"ಹಿತ್ತಿಲಲ್ಲಿ ತಲೆ ಒಣಗಿಸ್ಕೊಳ್ತಿದಾಳಮ್ಮ," ಎಂದೆ. "ಬರ್ತಾಳೆ."

"ಬೇಗ ಬರೋಕೆ ಹೇಳು. ಒದ್ದೆ ತಲೇಲಿ ಎಷ್ಟು ಹೊತ್ತು ಇರ್ತಾಳೆ, ಪಾಪ." ಅವಳ ಕಣ್ಣಿಂದ ನೀರು ಇಳಿಯತೊಡಗಿತು. ಸದ್ದಿಲ್ಲದೆ, ತಾನು ಅಳುತ್ತಿರುವುದು ಅವಳಿಗೇ ತಿಳಿಯದ ಹಾಗೆ. ನಾನೂ ಪಕ್ಕದಲ್ಲಿ ಕೂತು ಅತ್ತೆ. ನಮ್ಮ ಮನೆಯಲ್ಲಿ ಸಣ್ಣಮ್ಮಿಗಾಗಿ ಅತ್ತದ್ದು ಇದೇ ಮೊದಲು.

ಈಗ ಸಂಜೆ ಆರು. ಅಮ್ಮ ಹಲ್ಲು ಮುರಿದ ಬಾಚಣಿಗೆ, ನೀಲಿ ರಿಬ್ಬನ್ ಹಿಡಿದು ಮಣೆಯ ಮುಂದೆ ಕೂತಿದ್ದಾಳೆ. ಮಣೆ ಖಾಲಿ ಇದೆ. ಸೊಳ್ಳೆ ಬರುವ ಹೊತ್ತು, ಆದರೂ ಹಿತ್ತಿಲ ಬಾಗಿಲನ್ನು ನಾನು ಹಾಕಿಲ್ಲ.